ನೀಲವ್ವನ ಖರ್ಚಿನ ಕೂಲರ್

ಹುಬ್ಬಳ್ಳಿಯ ಒಂದು ಕ್ಯಾಸೆಟ್ ಕಂಪನಿಗೆ ನೀಲವ್ವ ಎಂಟು ಭಜನೆ ಪದ ಹಾಡಿಕೊಟ್ಟಿದ್ದಳು. ಕ್ಯಾಸೆಟ್ಟಿಗೆ ಒಂದು ರೂಪಾಯಿ ಅವಳ ಪಾಲು. ಆದರೆ ಕಂಪನಿ ಮಾಡಿದ ಖರ್ಚನ್ನು ಆ ಪಾಲಿನಲ್ಲೇ ಮುರಿದುಕೊಳ್ಳುವ ಕರಾರು. ಊರೂರಲ್ಲಿ ಅವಳ ಹಾಡೇ ಹಾಡು. ಎರಡು ವರ್ಷವಾದರೂ ಕೈಗೆ ಬಿಡಿಗಾಸಿಲ್ಲ.

ಕೇಳಲು ಹೋದರೆ ಮಾಲೀಕ ಗುರುಲಿಂಗಪ್ಪ ಖರ್ಚಿನ ಪಟ್ಟಿ ಚಾಚಿದ. "ನಮ್ಮ ಖರ್ಚೇ ಇನ್ನೂ ಗಿಟ್ಟಿಲ್ಲವ್ವಾ. ನೀನೇ ನಮಗ ಕೊಡಬೇಕು."

ನೀಲವ್ವನಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚು. "ಈ ಕೂಲರ್ ಯಾರ ಖರ್ಚಿನ್ಯಾಗ ತಂದದ್ರಿ, ಸಾಹುಕಾರ್ರ?"

"ನಿಂದೇ. ರೆಕಾರ್ಡಿಂಗ್ ರೂಮು ತಣ್ಣಗಿರಬ್ಯಾಡೇನು?"

"ನೀವು ಕೂತ ಕುರ್ಚಿ?"

"ಅದೂ ನಿಂದೇ."

"ಹಾಡಿನ ಮೂಲ ಟೇಪು?"

"ಎಲ್ಲಾ ನಿನ್ನ ಲೆಕ್ಕಕ್ಕೇ!"

"ಹಂಗಂತ ಪಟ್ಟಿ ಕೆಳಗ ಸಹಿ ಹಾಕಿಕೊಡ್ರಿ. ನಮ್ಮ ಮೇಳದವರಿಗೆ ತೋರಸ್ತೀನಿ."

ಪೀಡೆ ತೊಲಗಿದರೆ ಸಾಕೆಂದು ಗುರುಲಿಂಗಪ್ಪ ಸಹಿ ಹಾಕಿ, ಸೀಲೂ ಒತ್ತಿದ.

ಮರುದಿನ ಕಂಪನಿಯ ಬಾಗಿಲಿಗೆ ಸಾಮಾನು ಸಾಗಿಸುವ ಟಂಟಂ ಗಾಡಿ ಬಂತು. ಭಜನಾ ಮೇಳದವರು ಕೂಲರ್ ಹೊತ್ತು ಅದಕ್ಕೇರಿಸಿದರು. ನೀಲವ್ವ ಟೇಪಿಗೆ ಕೈ ಹಾಕಿದಾಗ ಗುರುಲಿಂಗಪ್ಪ ದಡಕ್ಕನೆ ಎದ್ದ. ಅವನು ಎದ್ದದ್ದೇ ತಡ, ಕುರ್ಚಿಯೂ ಟಂಟಂ ಏರಿತು.

"ಏ, ಇವೆಲ್ಲಾ ಕಂಪನೀವು!"

"ನಿನ್ನೆ ನನ್ನವಿದ್ದವಲ್ರೀ?" ನೀಲವ್ವ ಸಹಿಯ ಪಟ್ಟಿ ಬಿಚ್ಚಿದಳು. "ಕಂಪನೀವಾದ್ರ ನನ್ನ ಖರ್ಚಿನ್ಯಾಗಿಂದ ಹೊಡದ್ಹಾಕ್ರಿ."

ಗುರುಲಿಂಗಪ್ಪ ನಿಂತುಕೊಂಡೇ ಪೆನ್ನು ಹಿಡಿದ. ಕೂಲರ್ ಹೊಡೆದ, ಕುರ್ಚಿ ಹೊಡೆದ, ಟೇಪು ಹೊಡೆದ. ಕೊನೆಗೆ ಸಿಟ್ಟಿನಲ್ಲಿ ಪಟ್ಟಿಯಲ್ಲಿದ್ದ ಚಹಾದ ಖರ್ಚಿನ ಸಾಲಿಗೂ ಪೆನ್ನು ಒಯ್ದ.

ನೀಲವ್ವ ಅವನ ಕೈ ತಡೆದಳು. "ಅದು ಇರ್ಲಿ ಬಿಡ್ರಿ. ಚಹಾ ಮಾತ್ರ ನಾನೇ ಕುಡದೀನಿ."