ಮಾಸ್ತರರ ಹಾಡಿನ ಮೂರು ಪ್ರತಿಗಳು

ಗದಗಿನಲ್ಲಿ ಪಂಚಯ್ಯ ಮಾಸ್ತರರೆಂಬ ದೊಡ್ಡ ಗಾಯಕರಿದ್ದರು. ಅವರು ತೀರಿಕೊಂಡ ಮೇಲೆ ಅವರ ದನಿ ಉಳಿದದ್ದು ಒಂದೇ ಒಂದು ಹಾಡಿನಲ್ಲಿ. ಯಾರೋ ಅಭಿಮಾನಿ ಅದನ್ನು ಹಳೆಯ ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟಿದ್ದ. ಅದರಿಂದ ಕ್ಯಾಸೆಟ್ ಮಾಡಿದರು. ಈಚೆಗೆ ಕಂಪ್ಯೂಟರಿನಲ್ಲಿ ಗರಗರ ಸದ್ದನ್ನೆಲ್ಲ ತೆಗೆಸಿ ಮೊಬೈಲಿಗೂ ಹಾಕಿದರು.

ಮಾಸ್ತರರ ಪುಣ್ಯತಿಥಿಗೆ ಆ ಹಾಡನ್ನು ಹಾಡಲು, ಅವರ ಶಿಷ್ಯರ ಬಳಿ ಕಲಿಯುವ ಶಿವಲೀಲಾ ಒಪ್ಪಿಕೊಂಡಳು. ಇನ್ನು ಒಂದೇ ವಾರ. ಮೊಬೈಲು ಕೇಳಿ ಕೇಳಿ ಹಾಡಿದಳು. ಪ್ರತಿ ಸಲವೂ ಸ್ವರಗಳನ್ನು ಸರಸರನೆ ಓಡಿಸುವ ಉದ್ದನೆಯ ತಾನಿನ ನಡುವೆ ಅವಳ ದಮ್ಮು ಕಟ್ಟುತ್ತಿತ್ತು. ಮಾಸ್ತರರು ಮಾತ್ರ ಅದನ್ನು ಒಂದೇ ಉಸಿರಿಗೆ ಹಾಡಿದಂತೆ ಕೇಳುತ್ತಿತ್ತು. ಪಾಪ, ಹುಡುಗಿ ಸೋತುಹೋದಳು.

ರೇಡಿಯೊ ರಿಪೇರಿ ಮಾಡುವ ದಾವಲಸಾಬರ ಅಂಗಡಿಗೆ ಹೋಗಿ ಅತ್ತಳು. "ಚಾಚಾ, ನನ್ನ ಕೈಲೆ ಆಗಂಗಿಲ್ಲ. ಬ್ಯಾರೇದವರು ಹಾಡ್ಲಿ."

"ಮೊದಲ ಮೂರೂ ಪ್ರತಿ ಕೇಳೂಣ ಬಾ" ಎಂದರು ದಾವಲಸಾಬರು. ಆ ಸ್ಪೂಲು, ಕ್ಯಾಸೆಟ್ ಎರಡೂ ಅವರ ಅಂಗಡಿಯಲ್ಲೇ ಇದ್ದವು.

ಕ್ಯಾಸೆಟ್ ಹಚ್ಚಿದರು. "ಪ್ರತಿ ಮಾಡುವಾಗ ಟೇಪ ಜೋರ ಓಡೇತಿ. ಸುರ ಏರೇತಿ ನೋಡು" ಎಂದರು. ಮೊಬೈಲು ಕೇಳಿ ತಲೆದೂಗಿದರು. "ತಬಲಾದ ಒಂದೊಂದು ಪೆಟ್ಟೂ ಬಿಡಿಸಿ ಕೇಳತೈತಿ. ಭಾಳ ಛಲೋ ಮಾಡ್ಯಾರ." ಕೊನೆಗೆ ಸ್ಪೂಲು ತಿರುಗಿತು. ಒಗ್ಗರಣೆ ಸಿಡಿದಂತೆ ಚಟಪಟ ಸದ್ದು! ದಾವಲಸಾಬರು ಕಣ್ಣು ಮುಚ್ಚಿಕೊಂಡು ಕೇಳಿದರು. ತಾನಿನ ನಡುವೆ ಟೇಪು ನಿಲ್ಲಿಸಿ, ಹಿಂದೆ ಸುತ್ತಿ, ಮತ್ತೆ ಹಚ್ಚಿದರು.

"ಇಲ್ಲಿ ಕೇಳು, ಮಗಳ."

ಆ ಸದ್ದಿನ ನಡುವೆ ಸಣ್ಣದೊಂದು ಉಸಿರು ಕೇಳಿಸಿತು. ಮುಂದೆ ಇನ್ನೊಂದು. ಒಟ್ಟು ನಾಲ್ಕು ಕಡೆ ಮಾಸ್ತರರು ಚುರುಕಾಗಿ ಉಸಿರೆಳೆದುಕೊಂಡಿದ್ದರು. ಸದ್ದು ತೆಗೆಯುವ ಭರದಲ್ಲಿ ಕಂಪ್ಯೂಟರು ಆ ಉಸಿರನ್ನೂ ತೆಗೆದುಹಾಕಿತ್ತು.

"ಮಾಸ್ತರರಿಗೂ ದಮ್ಮು ಹತ್ತತಿತ್ತೇನ್ ಚಾಚಾ?"

"ಯಾಕ ಹತ್ತಂಗಿಲ್ಲ? ಅವರೂ ಮನಶ್ಯಾರ. ಎಲ್ಲಿ ಉಸುರು ತಗೋಬೇಕು ಅನ್ನೂದು ಅವರಿಗೆ ಗೊತ್ತಿತ್ತು, ಅಷ್ಟ."

ಎಂಥ ಕಿವಿ ಆ ಮನುಷ್ಯನದು! ಒಂದು ಸ್ವರವನ್ನೂ ಹಾಡಲು ಬಾರದವರು ಹಾಡುವವಳಿಗೆ ದಾರಿ ತೋರಿಸಿಬಿಟ್ಟರು. ಶಿವಲೀಲಾ ಉಳಿದ ದಿನಗಳಲ್ಲೆಲ್ಲ ಆ ನಾಲ್ಕು ಜಾಗಗಳನ್ನೇ ಸಾಧಿಸಿದಳು. ಪುಣ್ಯತಿಥಿಯ ದಿನ ಆ ಉದ್ದನೆಯ ತಾನ್ ಎಲ್ಲೂ ಮುರಿಯಲಿಲ್ಲ. ಸಭೆ ಎದ್ದು ನಿಂತಿತು.

"ಮಾಸ್ತರರಂಗ ಒಂದ ಉಸುರಿಗೆ ಹಾಡಿದಿ ಬಿಡವಾ!" ಎಂದು ಹಿರಿಯರೊಬ್ಬರು ಹೊಗಳಿದರು.

ಶಿವಲೀಲಾ ಹಿಂದಿನ ಸಾಲಿನಲ್ಲಿದ್ದ ದಾವಲಸಾಬರತ್ತ ಕೈಮುಗಿದಳು. "ಒಂದಲ್ಲರಿ ಅಜ್ಜಾರ, ಮಾಸ್ತರರಂಗ ನಡುವ ನಾಲ್ಕು ಸಲ ಉಸುರು ತಗೊಂಡೆ. ನಾಲ್ಕನ್ನೂ ಚಾಚಾ ಹುಡುಕಿ ಕೊಟ್ಟಾರ."

ನೀತಿ: ದೊಡ್ಡವರ ಸಾಧನೆಯಿಂದ ಅವರ ಶ್ರಮದ ಗುರುತನ್ನು ಒರೆಸಿಹಾಕಬೇಡಿ. ಕಲಿಯುವವರಿಗೆ ದಾರಿ ಸಿಗುವುದು ಅಲ್ಲೇ.