ದೊಡ್ಡ ಕ್ಯಾಮೆರಾ, ಪಾವಿನ ಕ್ಯಾಮೆರಾ, ನಡುವೆ ಮರಿದೇವ

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆಗೆ ಒರಗಿಕೊಳ್ಳಿ.

ಬಾಣಾವರದ ಸಂತೆ ಬೀದಿಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಒಬ್ಬನೇ ಮಗ, ಮರಿದೇವ. ಆಳು ನೋಡಿದರೆ ಬಾಗಿಲೆತ್ತರ, ಬುದ್ಧಿ ನೋಡಿದರೆ ಹೊಸಿಲೆತ್ತರ. ಕೆಟ್ಟವನಲ್ಲ. ಸುಳ್ಳು ಹೇಳೋನಲ್ಲ, ಎದುರಾಡೋನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ತಾಯಿಗೆ ಗ್ರಹಚಾರ ಬಂದಿದ್ದೇ ಅಲ್ಲಿ.

ಅವಳ ಗಂಡ ನಿಂಗರಾಜಪ್ಪ ಊರಿಗೆಲ್ಲ ಫೋಟೋ ತೆಗೆದು ಸಂಸಾರ ಸಾಕಿದವನು. ತೀರಿಹೋಗುವಾಗ ಅವಳ ಪಾಲಿಗೆ ಬಿಟ್ಟುಹೋಗಿದ್ದು ಎರಡು. ಒಂದು ಈ ಮಗ, ಇನ್ನೊಂದು ಒಂದು ಹಳೇ ದೊಡ್ಡ ಕ್ಯಾಮೆರಾ. ಎರಡರಲ್ಲಿ ಕ್ಯಾಮೆರಾ ಸರಿಯಾಗಿತ್ತು.

"ಅಪ್ಪನ ಕಸುಬು ಹಿಡಿಯೋ ಮಗನೆ," ಅಂದಳು ಪುಟ್ಟತಾಯಮ್ಮ. "ನನಗೂ ವಯಸ್ಸಾಯ್ತು. ನಾಲ್ಕು ಮನೆಯೋರು ನಿನ್ನ ಕರೆಯೋ ಹಾಗಾದರೆ ನಾನು ನೆಮ್ಮದಿಯಾಗಿ ಕಣ್ಣು ಮುಚ್ತೀನಿ. ಇಲ್ಲದಿದ್ರೆ ನನ್ನ ಹಿಂದೆ ನಿನಗೆ ಒಂದು ತುತ್ತು ಹಾಕೋರು ಯಾರೋ?"

"ಆಯ್ತವ್ವಾ."

ಮೊದಲು ಕರೆದಿದ್ದು ಹೂವಿನಂಗಡಿ ಕಮಲಿ. ಮಗುವಿಗೆ ಹೆಸರಿಡೋ ಶಾಸ್ತ್ರ.

"ಕಣ್ಣು ಆ ಕಿಂಡಿಗೆ ಇಟ್ಕೊ, ಉಸಿರು ಬಿಗಿಹಿಡಿ, ಗುಂಡಿ ಒತ್ತು. ಇಷ್ಟೇ ಕಣೋ ಕೆಲಸ," ಅಂದಳು ತಾಯಿ.

ಹೋದ. ಕಣ್ಣಿಟ್ಟ. ಉಸಿರು ಹಿಡಿದ. ಒತ್ತಿದ. ನೂರಾ ಹತ್ತು ಫೋಟೋ! ಮನೆಗೆ ಬಂದು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ತಾಯಿಗೆ ತೋರಿಸಿದ. ಒಂದು ನೋಡಿದಳು, ಕಪ್ಪು. ಎರಡು ನೋಡಿದಳು, ಕಪ್ಪು. ನೂರಾ ಹತ್ತೂ ಅಮಾವಾಸ್ಯೆ!

"ಏನೋ ಇದು?"

"ತೊಟ್ಲು ಕಣವ್ವ."

"ತೊಟ್ಲು ಎಲ್ಲೋ ಇದೆ ಇದರಲ್ಲಿ?"

"ನನಗೂ ಕಾಣಲಿಲ್ಲ. ಕತ್ತಲಲ್ಲಿದೆ ಅಂದ್ಕೊಂಡೆ."

ಪುಟ್ಟತಾಯಮ್ಮ ಕ್ಯಾಮೆರಾ ತಿರುಗಿಸಿ ನೋಡಿದರೆ ಮುಂದಿನ ಮುಚ್ಚಳ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ! ಹಣೆ ಹಣೆ ಬಡಕೊಂಡಳು.

"ಮುಚ್ಚಳ ತೆಗೀಬೇಕು ಅನ್ನೋದು ಗೊತ್ತಾಗಲಿಲ್ವೇನೋ?"

"ನೀನು ಹೇಳಲಿಲ್ವಲ್ಲವ್ವಾ."

"ಅಯ್ಯೋ ನನ್ನ ಕರ್ಮವೇ! ಇನ್ನು ಮೇಲೆ ಮುಂದೆ ಏನೇ ಅಡ್ಡ ಇರಲಿ, ಮೊದಲು ಅದನ್ನ ಕಿತ್ತು ತೆಗಿ. ಆಮೇಲೆ ಒತ್ತು. ತಿಳೀತಾ?"

"ತಿಳೀತವ್ವಾ."

ಹದಿನೈದು ದಿನಕ್ಕೆ ಛತ್ರದಲ್ಲಿ ಒಂದು ಮದುವೆ. ಬರಬೇಕಾದ ಫೋಟೋದವನು ಜ್ವರ ಬಂದು ಮಲಗಿದ್ದಕ್ಕೆ ಇವನನ್ನು ಕರೆದರು. ಕೊರಳಲ್ಲಿ ಆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಒಳಗೆ ಹೋದರೆ ಏನು ಮರ್ಯಾದೆ ಅಂತೀರಿ! "ಫೋಟೋದೋರು ಬಂದ್ರು, ದಾರಿ ಬಿಡ್ರೀ!" ಜನ ಸರಿದು ನಿಂತರು. ಮಂಟಪದವರೆಗೂ ಹೋದ. ಅಲ್ಲಿ ಗಂಡು ಆ ಕಡೆ, ಹೆಣ್ಣು ಈ ಕಡೆ, ನಡುವೆ ಅಂತರಪಟ. ಇಬ್ಬರು ಸೋದರಮಾವಂದಿರು ಆ ಬಟ್ಟೆಯ ತುದಿ ಹಿಡಿದು ನಿಂತಿದ್ದಾರೆ. ಮುಹೂರ್ತ ಬರಬೇಕು, ಪುರೋಹಿತರು ಸೈ ಅನ್ನಬೇಕು, ಅಲ್ಲೀವರೆಗೂ ಗಂಡು ಹೆಣ್ಣಿನ ಮುಖ ನೋಡೋ ಹಾಗಿಲ್ಲ.

ಮರಿದೇವ ಕಣ್ಣಿಟ್ಟು ನೋಡಿದ. ಬಟ್ಟೆ ಅಡ್ಡ! ಅವ್ವ ಏನು ಹೇಳಿದ್ದಳು?

ಹೋದ. ಹಿಡಿದ. ಸರಕ್ಕನೆ ಎಳೆದೇಬಿಟ್ಟ!

ಗಂಡು ಹೆಣ್ಣನ್ನು ನೋಡಿತು, ಹೆಣ್ಣು ಗಂಡನ್ನು ನೋಡಿತು, ಮುಹೂರ್ತಕ್ಕೆ ಇನ್ನೂ ಒಂಬತ್ತು ನಿಮಿಷ ಇತ್ತು. "ಅಪಶಕುನ!" ಅಂದರು ಗಂಡಿನ ಕಡೆಯೋರು. "ನಿಮ್ಮ ಫೋಟೋದೋನು!" "ನಿಮ್ಮ ಫೋಟೋದೋನು!" ಅಂತ ಎರಡು ಕಡೆಯೋರೂ ಕೈ ಕೈ ಮಿಲಾಯಿಸೋಕೆ ಹೋದರು. ಮರಿದೇವನ ಅಂಗಿ ಹರಿದು ಹೊರಗೆ ಹಾಕಿದರು.

"ಮುಹೂರ್ತಕ್ಕೆ ಮುಂಚೆ ಯಾರಾದರೂ ತೆರೆ ಎಳೀತಾರೇನೋ ಪಾಪಿ?" ಅಂತ ಅತ್ತಳು ತಾಯಿ.

"ಅಡ್ಡ ಇತ್ತಲ್ಲವ್ವಾ."

ಅವತ್ತು ಅವಳು ಉಣ್ಣಲಿಲ್ಲ. ತಮ್ಮ ಶಾಂತಪ್ಪನಿಗೆ ಹೇಳಿಕಳಿಸಿದಳು. ಶಾಂತಪ್ಪ ಅರಸೀಕೆರೆಯಲ್ಲಿ ಫೋನ್ ರಿಪೇರಿ ಮಾಡುವವನು. ಬರುವಾಗ ಚೀಲದಲ್ಲಿ ಏನನ್ನೋ ತಂದ. ತೆಗೆದು ಇಟ್ಟರೆ ಗುಂಡಗೆ, ಕಪ್ಪಗೆ, ಅಕ್ಕಿ ಅಳೆಯೋ ಪಾವಿನ ಹಾಗಿದೆ.

"ಇದೇನೋ ತಮ್ಮಾ, ಪಾವು?"

"ಪಾವಲ್ಲಕ್ಕ, ಕ್ಯಾಮೆರಾ! ಭಾವನದ್ದಕ್ಕೆ ಮೈಯೂ ಇದೆ ಕಣ್ಣೂ ಇದೆ. ಇದು ಬರೀ ಕಣ್ಣು. ಮೈ ಬೇಕು ಅಂದ್ರೆ ಫೋನಿನ ಬೆನ್ನಿಗೆ ಕಚ್ಚಿಸ್ಕೋಬೇಕು. ಬೇಡ ಅಂದ್ರೆ ಇದನ್ನ ಅಲ್ಲಿಟ್ಟು, ಫೋನ್ ಹಿಡ್ಕೊಂಡು ಇಲ್ಲಿ ಕೂತರೂ ಆಯ್ತು. ಇದು ಕಂಡಿದ್ದೆಲ್ಲ ಫೋನಲ್ಲಿ ಕಾಣುತ್ತೆ."

ಪುಟ್ಟತಾಯಮ್ಮ ಒಂದನ್ನು ಈ ಕೈಲಿ, ಒಂದನ್ನು ಆ ಕೈಲಿ ತೂಗಿ ನೋಡಿದಳು.

"ಇವೆರಡರಲ್ಲಿ ಯಾವುದು ಒಳ್ಳೇದೋ?"

"ದೊಡ್ಡದು ಒತ್ತಿದ ತಕ್ಷಣ ತೆಗೆಯುತ್ತೆ, ದಿನವೆಲ್ಲ ದುಡಿಯುತ್ತೆ, ಆದರೆ ಹಳೇದಾಯ್ತು, ಭಾರ. ಇದು ಜೇಬಲ್ಲಿ ಕೂರುತ್ತೆ, ಚಿತ್ರ ನಯವಾಗಿ ಬರುತ್ತೆ. ಆದರೆ ಫೋನಿಗೂ ಇದಕ್ಕೂ ಮಾತುಕತೆ ಆಗಿ ಒಪ್ಪೋವರೆಗೆ ಕಾಯಬೇಕು. ಬ್ಯಾಟರಿಯೂ ಬೇಗ ಮುಗಿಯುತ್ತೆ. ಅದರಲ್ಲಿ ಒಂದು ಒಳ್ಳೇದು, ಇದರಲ್ಲಿ ಒಂದು ಒಳ್ಳೇದು ಕಣಕ್ಕ."

"ನನ್ನ ಮಗನಿಗೆ ಯಾವುದು ಒಳ್ಳೇದು ಹೇಳು."

ಶಾಂತಪ್ಪ ಅಳಿಯನ ಮುಖ ನೋಡಿದ. ಪಾವನ್ನೂ ಒಂದು ಹಳೇ ಫೋನನ್ನೂ ಅಲ್ಲೇ ಬಿಟ್ಟ. ಕಾಫಿ ಕುಡಿದು ಬಸ್ಸು ಹತ್ತಿದ.

ಪುಟ್ಟತಾಯಮ್ಮ ತಾನೇ ಯೋಚನೆ ಮಾಡಿದಳು. ದೊಡ್ಡದನ್ನು ಕಂಡೇ ತಾನೆ ಜನ ಮಂಟಪದವರೆಗೂ ಬಿಟ್ಟಿದ್ದು? ಚಿಕ್ಕದಾದರೆ ಇವನು ದೂರ ಇರಬಹುದು. ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳು. ಇನ್ನು ಮೇಲೆ ಏನನ್ನೂ ಮುಟ್ಟಬೇಡ. ಯಾರ ಹತ್ತಿರಾನೂ ಹೋಗಬೇಡ. ಈ ಪಾವನ್ನ ಶಾಸ್ತ್ರ ನಡೆಯೋ ಜಾಗದಲ್ಲಿ ಇಟ್ಟುಬಿಡು. ನೀನು ದೂರ ಕೂತು ಫೋನ್ ನೋಡಿ ಒತ್ತು."

"ಆಯ್ತವ್ವಾ."

ಗಾಣಿಗರ ಮನೆಗೆ ಹೊಸ ಸೊಸೆ ಬರೋ ದಿನ. ಹೊಸಿಲ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟಿದ್ದಾರೆ. ಸೊಸೆ ಅದನ್ನು ಬಲಗಾಲಲ್ಲಿ ಒದ್ದು ಒಳಗೆ ಬರಬೇಕು. ಮರಿದೇವ ನೋಡಿದ. ಶಾಸ್ತ್ರ ನಡೆಯೋ ಜಾಗ ಯಾವುದು? ಹೊಸಿಲು! ಅಕ್ಕಿ ಸೇರಿನ ಮುಂದೆಯೇ ಪಾವನ್ನು ಇಟ್ಟ, ಹೋಗಿ ದೂರದ ಜಗಲಿ ಮೇಲೆ ಕೂತ.

ಸೊಸೆ ತಲೆ ತಗ್ಗಿಸಿಕೊಂಡು ಬಂದಳು. ತಲೆ ತಗ್ಗಿಸಿದವಳಿಗೆ ಕಂಡಿದ್ದು ಗುಂಡಗಿರೋ ಒಂದು. ಇದೇ ಇರಬೇಕು ಅಂದುಕೊಂಡು ಒದ್ದಳು ನೋಡಿ!

"ಅಯ್ಯಮ್ಮಾ!" ಅಂತ ಹುಡುಗಿ ಕಾಲು ಹಿಡಿದು ಕೂತಳು. ಕ್ಯಾಮೆರಾ ಉರುಳಿಕೊಂಡು ನಡುಮನೆ ದಾಟಿತು, ದೇವರ ಕೋಣೆಗೆ ಹೋಗಿ ದೀಪ ಉರುಳಿಸಿತು. ಅಕ್ಕಿ ಇದ್ದ ಹಾಗೇ ಇದೆ! ಆರತಿ ತಟ್ಟೆ ಹಿಡಿದಿದ್ದ ಅತ್ತೆ ಬಾಯಿ ಬಿಟ್ಟುಕೊಂಡು ನಿಂತಳು.

"ಅಕ್ಕಿ ಒದ್ದು ಬಾರೇ ಅಂದ್ರೆ ಕಬ್ಬಿಣ ಒದ್ದು ಬಂದೆಯಲ್ಲೇ!"

ಸೊಸೆಯ ಮೊದಲನೇ ದಿನ, ಮೊದಲನೇ ಬೈಗುಳ. ಮರಿದೇವನ ಫೋನಲ್ಲಿ ಮೂರು ಫೋಟೋ: ಒಂದು ಅಂಗಾಲು, ಒಂದು ಜಂತೆ, ಒಂದು ಬೆಕ್ಕು.

"ಅಂಗಾಲು ಬಹಳ ಚೆನ್ನಾಗಿ ಬಂದಿದೆ ಕಣವ್ವ. ಗೋರಂಟಿ ಕೂಡ ಕಾಣುತ್ತೆ."

ಪುಟ್ಟತಾಯಮ್ಮನಿಗೆ ಬೈಯೋಕೆ ಶಕ್ತಿ ಇರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಎರಡು ದಿನ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ನೀರು ತರೋಕೆ ಹೋದರೂ ಹೆಂಗಸರು, "ಏನು ಪುಟ್ಟತಾಯಮ್ಮಾ, ಕಾಲಿನ ಫೋಟೋಕ್ಕೆ ಬೇರೆ ರೇಟಾ?" ಅಂತ ಕಿಸಕ್ಕನೆ ನಗೋರು.

ಮೂರನೇ ದಿನ ಕೊಬ್ಬರಿ ಮಂಡಿ ಹಾಲಪ್ಪನವರ ಮನೆ ಬಾಗಿಲಿಗೆ ತಾನಾಗೇ ಹೋದಳು. ಅದು ದೊಡ್ಡ ವಂಶ, ಹನ್ನೊಂದು ಮನೆ, ವರ್ಷವೆಲ್ಲ ಏನಾದರೂ ಒಂದು ಶುಭಕಾರ್ಯ. ಹಾಲಪ್ಪನವರ ತಾಯಿ ನಂಜಮ್ಮಜ್ಜಿಗೆ ತೊಂಬತ್ತನಾಲ್ಕು. ಅಜ್ಜಿಯನ್ನು ನಡುವೆ ಕೂರಿಸಿ ಇಡೀ ವಂಶದ ಒಂದು ಫೋಟೋ ತೆಗೆಸೋದು ಅವರ ಆಸೆ.

"ನಿಮ್ಮ ಕಾಲಿಗೆ ಬೀಳ್ತೀನಿ ಯಜಮಾನರೇ. ನನ್ನ ಮಗನಿಗೆ ಒಂದು ಸಲ ಕೊಡಿ."

"ನಿಂಗರಾಜಪ್ಪ ನಮ್ಮ ಮದುವೆ ಫೋಟೋ ತೆಗೆದೋನು," ಅಂದರು ಹಾಲಪ್ಪ. "ಅವನ ಮುಖ ನೋಡಿ ಕೊಡ್ತೀನಿ ತಾಯಿ. ಚೆನ್ನಾಗಿ ಬಂದರೆ ಹನ್ನೊಂದು ಮನೆ ಕೆಲಸವೂ ನಿನ್ನ ಮಗನದೇ. ಕೆಟ್ಟರೆ ಈ ಊರಲ್ಲಿ ಇನ್ಯಾರೂ ಅವನನ್ನ ಕರೆಯೋಲ್ಲ, ಅಷ್ಟು ತಿಳ್ಕೊ."

ಬೆಳಗಾಗೆದ್ದು ಮಗನ ತಲೆ ಬಾಚಿದಳು, ಹಣೆಗೆ ವಿಭೂತಿ ಇಟ್ಟಳು, ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿದಳು, ಪಾವನ್ನು ಜೇಬಿಗೆ ಇಟ್ಟಳು.

"ಮಗನೆ, ಕ್ಯಾಮೆರಾ ಬಿಟ್ಟು ದೂರ ಹೋಗಬೇಡ."

"ಇಲ್ಲವ್ವಾ."

"ನೆರಳು ಬೀಳೋಕೆ ಬಿಡಬೇಡ."

"ಇಲ್ಲವ್ವಾ."

"ಜನ ಸಾಲಾಗಿ ನಿಂತ ಮೇಲೆ, ಅಲ್ಲಾಡಬೇಡಿ ಅಂತ ಗಟ್ಟಿಯಾಗಿ ಹೇಳು."

"ಹೇಳ್ತೀನವ್ವಾ."

"ಎರಡರಲ್ಲೂ ತೆಗಿ. ದೊಡ್ಡದು ಚೆನ್ನಾಗಿದೆಯೋ ಪಾವು ಚೆನ್ನಾಗಿದೆಯೋ ಇವತ್ತು ಫೋಟೋ ನೋಡಿ ನಾನು ತೀರ್ಮಾನ ಮಾಡ್ತೀನಿ. ಚೆನ್ನಾಗಿರೋದನ್ನೇ ಇನ್ನು ಮೇಲೆ ಇಟ್ಕೊಳ್ಳೋಣ. ತಿಳೀತಾ?"

"ತಿಳೀತವ್ವಾ!"

ಎಂಟು ಗಂಟೆಗೆ ಹೋದ. ಒಂಬತ್ತಾಯಿತು. ಹತ್ತಾಯಿತು. ಪುಟ್ಟತಾಯಮ್ಮ ಬಾಗಿಲಿಗೂ ಒಲೆಗೂ ನಡೆದೂ ನಡೆದೂ ಸವೆದಳು. ಬಿಸಿಲು ಏರಿತು. ಹನ್ನೆರಡೂವರೆಗೆ ಬಂದ, ಮುಖ ಊರಗಲ!

"ಏನಾಯ್ತೋ?"

"ಚೆನ್ನಾಗಿ ಬಂತವ್ವಾ!"

"ಮುಚ್ಚಳ ತೆಗೆದೆಯಾ?"

"ತೆಗೆದೆ!"

"ಯಾರನ್ನೂ ಮುಟ್ಟಲಿಲ್ಲ ತಾನೆ?"

"ಇಲ್ಲ!"

"ಯಾರೂ ಒದೀಲಿಲ್ವಾ?"

"ಇಲ್ಲವ್ವಾ!"

ಫೋನ್ ಇಸಕೊಂಡಳು. ನೋಡಿದಳು. ಬೆಳಕು ಎಷ್ಟು ಚೆನ್ನಾಗಿದೆ! ಅಂಚು ಎಷ್ಟು ಸ್ಪಷ್ಟವಾಗಿದೆ! ಸರಿಯಾಗಿ ನಡುಮಧ್ಯೆ, ಅಳೆದು ಇಟ್ಟ ಹಾಗೆ, ಅಂಗಳದ ಕುರ್ಚಿಯ ಮೇಲೆ ಕೂತಿದೆ... ದೊಡ್ಡ ಕ್ಯಾಮೆರಾ.

ದೊಡ್ಡ ಕ್ಯಾಮೆರಾದ ಹಿಂದಿನ ಪರದೆ ನೋಡಿದಳು. ಅದೇ ಕುರ್ಚಿ, ಅದೇ ಬೆಳಕು. ಮೇಲೆ ಪಾವು.

"ಜನ ಎಲ್ಲೋ?"

"ಅದರಲ್ಲಿ ಇದನ್ನ ತೆಗೆದೆ, ಇದರಲ್ಲಿ ಅದನ್ನ ತೆಗೆದೆ. ಯಾವುದು ಚೆನ್ನಾಗಿದೆ ಅಂತ ನೀನು ಫೋಟೋ ನೋಡಿ ಹೇಳ್ತೀನಿ ಅಂದೆಯಲ್ಲ? ಎಡಗಡೆಯಿಂದ ತೆಗೆದೆ, ಬಲಗಡೆಯಿಂದ ತೆಗೆದೆ, ಇನ್ನೂರೈವತ್ತಿದೆ ಅವ್ವಾ."

"ಹಾಲಪ್ಪನೋರ ವಂಶ ಎಲ್ಲೋ?"

"ಸಾಲಾಗಿ ನಿಂತಿದ್ರು. ನೆರಳು ಬೀಳ್ತಿತ್ತು, ಸ್ವಲ್ಪ ಹಿಂದಕ್ಕೆ ಸರೀರಿ ಅಂದೆ. ಸರಿದ್ರು. ಇನ್ನೂ ಸ್ವಲ್ಪ ಅಂದೆ. ಅಜ್ಜೀನೂ ಅವರು ಕೂತಿದ್ದ ಕುರ್ಚಿ ಸಮೇತ ಸರಿಸಿದ್ರು."

ಪುಟ್ಟತಾಯಮ್ಮ ಅಲ್ಲೇ ಹೊಸಿಲ ಮೇಲೆ ಕುಸಿದಳು. ಮುಗಿಯಿತು. ಹನ್ನೊಂದು ಮನೆ ಹೋಯಿತು, ಊರು ಹೋಯಿತು. ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು:

"ಎಷ್ಟು ಉಗಿದ್ರೋ ಅವರು?"

"ಯಾರೂ ಉಗೀಲಿಲ್ಲವ್ವಾ. ಉಸಿರೂ ಬಿಡಲಿಲ್ಲ."

"ಮತ್ತೆ ನೀನು ಬರುವಾಗ ಏನಂದ್ರು?"

"ಏನೂ ಅನ್ನಲಿಲ್ಲ. ಅಲ್ಲಾಡಬೇಡಿ ಅಂತ ನೀನು ಹೇಳಿದ ಹಾಗೇ ಗಟ್ಟಿಯಾಗಿ ಹೇಳಿದ್ದೆ. ಅಲ್ಲಾಡದೆ ನಿಂತಿದ್ದಾರೆ."

"ನಿಂತಿದ್ದಾರೆ ಅಂದ್ರೆ? ಈಗಲೂ? ಈ ಬಿಸಿಲಲ್ಲಿ? ಅಜ್ಜೀನೂ?"

"ಹೂಂ, ಅರವತ್ಮೂರು ಜನಾನೂ," ಅಂದ ಮರಿದೇವ, ಮನಸ್ಸು ತುಂಬಿ. "ಎಷ್ಟು ಒಳ್ಳೇ ಜನ ಅಂತೀಯವ್ವಾ! ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾರೆ."