ಆಯಿಲ್ ಕೂಲರ್ ಹಾಕಿಸಿದ ಬಳೆ ವ್ಯಾಪಾರಿ

“ಇವತ್ತೂ ಎಬ್ಬಿಸಿದ, ಬುದ್ಧಿ” ಎಂದು ನೀಲಾಂಬಿಕೆ ಮಠದ ಜಗುಲಿಯ ಮೇಲೆ ಕೂರುವ ಮೊದಲೇ ಗುರುಗಳಿಗೆ ದೂರು ಹೇಳಿದಳು. “ಎಪ್ಪತ್ತೆರಡಕ್ಕೆ ಬಂದಿದ್ದೆ. ಮತ್ತೆ ಒಂದರಿಂದ.”

ಅವಳಿಗೆ ನಾಲ್ಕು ವರ್ಷದ ಮಗನಿದ್ದ. ದಿನಕ್ಕೊಮ್ಮೆ ನೂರೆಂಟು ಜಪ ಮಾಡು ಎಂದು ಗುರುಗಳು ಅವಳಿಗೆ ಹೇಳಿಕೊಟ್ಟು ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ನೂರೆಂಟು ಒಂದು ದಿನವೂ ಪೂರ್ತಿಯಾಗಿರಲಿಲ್ಲ. ಗಂಡ ಮಲಗಿದರೆ ಮನೆಯಲ್ಲಿ ಪಾತ್ರೆಯ ಸದ್ದಾಗುವುದಿಲ್ಲ, ಅತ್ತೆ ಪೂಜೆಗೆ ಕೂತರೆ ಬೆಕ್ಕೂ ಒಳಗೆ ಬರುವುದಿಲ್ಲ, ತಾನು ಕಣ್ಣು ಮುಚ್ಚಿದರೆ ಮಾತ್ರ ಎಲ್ಲರಿಗೂ ತನ್ನ ನೆನಪಾಗುತ್ತದೆ ಎಂದಳು. ಅಂದು ಮಗ ನಾಲ್ಕು ಸಲ ಬಂದಿದ್ದ. ಮೊದಲ ಮೂರು ಸಲ ಅವಳು ಕಣ್ಣು ಬಿಟ್ಟಿರಲಿಲ್ಲ. ಕೈ ಬೀಸಿ ಕಳಿಸಿದ್ದಳು. ನಾಲ್ಕನೆಯ ಸಲ ಸೆರಗು ಹಿಡಿದು ಎಳೆದಾಗ ಎಣಿಕೆ ತಪ್ಪಿತು. ಬೆನ್ನಿಗೊಂದು ಕೊಟ್ಟು ಹೊರಗಟ್ಟಿದ್ದಳು.

“ನಾಳೆಯಿಂದ ಕದ ಹಾಕಿ ಚಿಲಕ ಜಡಿದು ಕೂರುತ್ತೇನೆ. ತಪ್ಪೇನು? ನಡುವೆ ತಡೆಯೇ ಇಲ್ಲದ ದಾರಿ ಬೇರೆ ಇದ್ದರೆ ನೀವೇ ಹೇಳಿ.”

“ಇದೆ. ಒಬ್ಬನಿಗೆ ನಾನೇ ಮಾಡಿಕೊಟ್ಟಿದ್ದೇನೆ” ಎಂದರು ಗುರುಗಳು.

ಅವರು ಮಠಕ್ಕೆ ಬರುವ ಮೊದಲು ಘಟ್ಟದ ಕೆಳಗಿನ ಒಂದು ಊರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಅಲ್ಲಿನದೇ ಕತೆ ಹೇಳತೊಡಗಿದರು.

ಆ ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನ ಅಂಗಡಿ ಘಟ್ಟದ ಮೇಲಿನ ಪೇಟೆಯಲ್ಲಿತ್ತು. ಮಗಳ ಶಾಲೆಯೂ ಅಲ್ಲಿಯೇ. ಮಗಳಿಗೆ ಐದು ವರ್ಷ. ದಿನವೂ ಬೆಳಿಗ್ಗೆ ಇಬ್ಬರೂ ಮೋಟಾರ್ ಸೈಕಲ್ಲಿನಲ್ಲಿ ಘಟ್ಟ ಹತ್ತಬೇಕು. ಗಾಡಿ ಅವನ ಅಪ್ಪನ ಕಾಲದ ಹಳೆಯದು. ಹಿಂದಿನ ಸೀಟಿಗೆ ಬಳೆಯ ಪೆಟ್ಟಿಗೆ ಕಟ್ಟುತ್ತಿದ್ದ. ಕುಲುಕಾಟಕ್ಕೆ ಬಳೆ ಒಡೆಯಬಾರದೆಂದು ಪೆಟ್ಟಿಗೆಗೆ ಕಂಬಳಿ ಸುತ್ತುತ್ತಿದ್ದ. ಮಗಳನ್ನು ಮುಂದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುತ್ತಿದ್ದ.

ಘಟ್ಟದ ನಡುವೆ ಒಂದು ತಿರುವಿನಲ್ಲಿ ನೀರಿನ ತೊಟ್ಟಿ ಇದೆ. ಅಲ್ಲಿಗೆ ಬರುವಷ್ಟರಲ್ಲಿ ಇಂಜಿನ್ ಕಾದು, ಎಳೆಯುವ ಶಕ್ತಿ ಕಳೆದುಕೊಳ್ಳುತ್ತಿತ್ತು. ಇಳಿದು ಕಾಯಬೇಕು. ಮಗಳು ತೊಟ್ಟಿಯಲ್ಲಿ ಬೆರಳದ್ದಿ ಇಂಜಿನ್ ಮೇಲೆ ಹನಿ ಚಿಮುಕಿಸುವಳು. ಚುಂಯ್ ಎಂದರೆ ಇನ್ನೂ ಬಿಸಿ. ಹನಿ ಸದ್ದಿಲ್ಲದೆ ಜಾರಿದರೆ ಹೊರಡಬಹುದು. ದೋಸೆಯ ಕಾವಲಿ ನೋಡುವ ಹಾಗೆಯೇ. ಆ ಕೆಲಸ ಅವಳದು, ಅಪ್ಪನಿಗೂ ಬಿಟ್ಟುಕೊಡುತ್ತಿರಲಿಲ್ಲ. ಹನಿಯಿಂದ ಹನಿಗೆ ಅವಳು ಮಾತಾಡುವಳು. ಪೆನ್ಸಿಲ್ ಕಳೆದದ್ದು, ಚಪ್ಪಲಿ ಕಚ್ಚುವುದು, ಟೀಚರಮ್ಮ ಅತ್ತದ್ದು, ಎಲ್ಲವೂ ಅಲ್ಲಿಯೇ. ಅಪ್ಪ ಹೂಂ ಎನ್ನುತ್ತ ಗಡಿಯಾರ ನೋಡುವನು.

ಅಷ್ಟರಲ್ಲಿ ಏಳೂವರೆಯ ಬಸ್ಸು ಬರುವುದು. ಅದರ ಕಂಡಕ್ಟರ್ ಬಾಗಿಲಲ್ಲಿ ನಿಂತು, “ಏನು ಸಾಹುಕಾರ್ರೇ, ಕುದುರೆಗೆ ನೀರು ಕುಡಿಸ್ತಿದ್ದೀರಾ?” ಎನ್ನುವನು. ಬಸ್ಸಿನಲ್ಲಿದ್ದವರು ನಗುವರು. ದಿನವೂ ಅದೇ ಮಾತು, ದಿನವೂ ಅದೇ ನಗು.

ಒಂದು ದಿನ ವ್ಯಾಪಾರಿ ನನ್ನ ಗ್ಯಾರೇಜಿಗೆ ಬಂದು, ನಡುದಾರಿಯಲ್ಲಿ ನಿಲ್ಲುವುದೊಂದನ್ನು ತಪ್ಪಿಸಿಕೊಡಿ ಎಂದ. ಹೊಸ ಗಾಡಿಗಳಿಗೆ ಆಯಿಲ್ ಕೂಲರ್ ಬರುತ್ತದೆ, ಅದನ್ನು ನಿನ್ನ ಗಾಡಿಗೂ ಕೂರಿಸಬಹುದು ಎಂದೆ. ಅದೊಂದು ಅಂಗೈ ಅಗಲದ ಜಾಲರಿ. ಇಂಜಿನ್ನಿನ ಕಾದ ಎಣ್ಣೆ ಒಂದು ಪೈಪಿನಲ್ಲಿ ಅದರೊಳಗೆ ಬರುತ್ತದೆ, ಬಿಸಿಯನ್ನು ಗಾಳಿಗೆ ಬಿಡುತ್ತದೆ, ಇನ್ನೊಂದು ಪೈಪಿನಲ್ಲಿ ಹಿಂದಕ್ಕೆ ಹೋಗುತ್ತದೆ. ಹೊಸ ಗಾಡಿಯಲ್ಲಿ ಅದಕ್ಕೆಂದೇ ಜಾಗ ಬಿಟ್ಟಿರುತ್ತಾರೆ. ಹಳೆಯದರಲ್ಲಿ ನಾವು ಹುಡುಕಬೇಕು. ಮುಂದಿನ ಚಕ್ರದ ಹಿಂದೆ, ಕೆಳಗೆ, ಜಾಗವಿತ್ತು. ಆದರೆ ಮಡ್‌ಗಾರ್ಡನ್ನು ಸ್ವಲ್ಪ ಕತ್ತರಿಸಬೇಕಿತ್ತು. ಅಪ್ಪನ ಗಾಡಿ, ಕತ್ತರಿ ಹಾಕಬೇಡಿ ಎಂದ. ಹಾಗಾಗಿ ಕಾಲಿನ ಮುಂದೆ ಇರುವ ಲೆಗ್ ಗಾರ್ಡಿನ ಮೇಲೆ, ಬಲಗಡೆ ಕೂರಿಸಲು ಒಪ್ಪಿದೆ. ಅಲ್ಲಿ ಗಾಳಿ ಚೆನ್ನಾಗಿ ಬಡಿಯುತ್ತದೆ.

ಯಾರ ಕಾಲಿಗಾದರೂ ತಾಗೀತು ಎಂದು, ಹಿಂದೆ ಯಾರು ಕೂರುತ್ತಾರೆ ಎಂದು ಕೇಳಿದೆ. ಹಿಂದೆ ಯಾರೂ ಇಲ್ಲ, ಪೆಟ್ಟಿಗೆ ಎಂದ. ಮುಂದೆ ಯಾರು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಇಲ್ಲಿ ನೀಲಾಂಬಿಕೆ ಬಾಯಿ ಹಾಕಿದಳು. “ಗಂಡಸರ ಬುದ್ಧಿಯೇ ಅಷ್ಟು. ಬಳೆಗೆ ಕಂಬಳಿ, ಮಗುವಿಗೆ ಬರೀ ಟ್ಯಾಂಕು.”

ಗುರುಗಳು ಕತೆ ನಿಲ್ಲಿಸಿ ಅವಳ ಕಡೆ ತಿರುಗಿದರು. ತನ್ನ ಗಂಡ ಸ್ಕೂಟರಿಗೆ ಮಳೆಗಾಲದಲ್ಲಿ ಹೊದಿಕೆ ತಂದು, ಮಗನಿಗೆ ಛತ್ರಿ ತರಲು ಮರೆತದ್ದನ್ನೂ ಅವಳು ಅದಕ್ಕೆ ಸೇರಿಸಿದಳು. ಅವಳು ಮುಗಿಸುವವರೆಗೂ ಕೇಳಿ, ಹೌದು ತಾಯಿ ಎಂದು, ಬಿಟ್ಟ ಕಡೆಯಿಂದಲೇ ಮುಂದುವರಿಸಿದರು. ಒಂದರಿಂದ ಶುರುಮಾಡಲಿಲ್ಲ.

ಎರಡು ದಿನ ಆ ಕೆಲಸ ಮಾಡಿದೆ. ಪೈಪುಗಳನ್ನು ಅಳತೆಗೆ ಕತ್ತರಿಸಿ ಬಿಗಿದೆ. ಎಣ್ಣೆ ಹಾಕಿ, ಇಂಜಿನ್ ಓಡಿಸಿ, ಪೈಪು ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬಿದೆ. ಬಿಳಿಯ ಬಟ್ಟೆಯಿಂದ ಪೈಪಿನ ಒಂದೊಂದು ಜೋಡಣೆಯನ್ನೂ ಒರೆಸಿ ನೋಡಿದೆ. ಎಲ್ಲಿಯೂ ಸೋರಿಕೆ ಇಲ್ಲ. ಕೆಲಸ ಅಚ್ಚುಕಟ್ಟಾಗಿತ್ತು. ಇವತ್ತಿಗೂ ಅದರಲ್ಲಿ ನಾನು ತಪ್ಪು ಹುಡುಕಲಾರೆ.

ಸೋಮವಾರ ಅವನು ಘಟ್ಟ ಹತ್ತಿದ. ತೊಟ್ಟಿಯ ತಿರುವು ಬಂತು. ಗಾಡಿ ನಿಲ್ಲಲಿಲ್ಲ. ಮಗಳು “ಅಪ್ಪಾ” ಎಂದಳು. “ಇನ್ನು ನಿಲ್ಲೋ ಹಾಗೇ ಇಲ್ಲ ಕಣವ್ವ” ಎಂದ. ಎರಡು ತಿರುವು ಕಳೆದ ಮೇಲೆ ಮತ್ತೆ ಕರೆದಳು. ಮುಂದೆ ತಿರುವಿದೆ, ಮಾತಾಡಿಸಬೇಡ ಎಂದ. ಮೂರನೆಯ ಸಲ ಅವಳು ಕರೆಯಲಿಲ್ಲ. ಮಗಳು ಜಾಣೆ, ಬೇಗ ಅರ್ಥ ಮಾಡಿಕೊಂಡಳು ಎಂದುಕೊಂಡ. ನಿಲ್ಲಬೇಕಿಲ್ಲವೆಂದು ಅಂದು ತಡವಾಗಿ ಹೊರಟಿದ್ದ ಅವನು ಏಳೂವರೆಯ ಬಸ್ಸನ್ನು ಹಿಂದೆ ಹಾಕಿದ. ಕಂಡಕ್ಟರಿಗೆ ಕೈ ಬೀಸಿದ.

ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಪಕ್ಕದ ಟೈಲರನ್ನು ಕರೆದು ತೋರಿಸಿದ. ಚೊಂಬಿನಲ್ಲಿ ನೀರು ತಂದು ಮಗಳ ಕೈಗೆ ಕೊಟ್ಟು, ನೀನೇ ನೋಡಿ ಹೇಳು ಎಂದ. ಅವಳು ಬೆರಳದ್ದಿ ಇಂಜಿನ್ ಮೇಲೆ ಹನಿ ಚಿಮುಕಿಸಿದಳು. ಹನಿ ಸದ್ದಿಲ್ಲದೆ ಜಾರಿತು. ಅಪ್ಪ ಟೈಲರನ ಮುಖ ನೋಡಿ ನಕ್ಕ.

ಮಗಳು ಚೊಂಬಿನಲ್ಲಿ ಉಳಿದ ನೀರನ್ನು ತನ್ನ ಬಲಗಾಲಿನ ಮೇಲೆ ಸುರಿದುಕೊಂಡಳು.

ಅವನು ಆಗ ನೋಡಿದ. ಮೀನಖಂಡದ ಮೇಲೆ ಜಾಲರಿಯ ಗೆರೆಗಳು ಸಾಲಾಗಿ ಎದ್ದಿದ್ದವು. ಘಟ್ಟದುದ್ದಕ್ಕೂ ಅವಳು ಆ ಕಾಲನ್ನು ಎತ್ತಿ ಹಿಡಿದಿದ್ದಳು. ಸೋತಾಗ ಇಳಿಸಿದ್ದಳು, ಸುಟ್ಟಾಗ ಎತ್ತಿದ್ದಳು.

ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದ.

“ಹೇಳೋದು ತೊಟ್ಟಿ ಹತ್ರ ಅಲ್ವಾ?” ಎಂದಳು.

ಸಂಜೆ ಅವನು ಗಾಡಿಯನ್ನು ಗ್ಯಾರೇಜಿಗೆ ತಂದ. ಬಯ್ಯುತ್ತಾನೆಂದು ನಿಂತೇ ಇದ್ದೆ. ಬಯ್ಯಲಿಲ್ಲ. ಬಿಚ್ಚಿ ಎಂದ. ಮಡ್‌ಗಾರ್ಡ್ ಕತ್ತರಿಸಿದರೆ ಕೆಳಗೆ ಕೂರಿಸಬಹುದು, ಆಗ ಯಾರಿಗೂ ತಾಗುವುದಿಲ್ಲ, ದುಡ್ಡು ಬೇಡ ಎಂದೆ. ಅವನು, ಬೇಡ, ನಿಲ್ಲುವುದೇ ಇರಲಿ ಎಂದ. ಮರುವಾರದಿಂದ ಗಾಡಿ ಮತ್ತೆ ತೊಟ್ಟಿಯ ಹತ್ತಿರ ನಿಲ್ಲತೊಡಗಿತು. ಕಂಡಕ್ಟರ್ ಮತ್ತೆ ಕುದುರೆಯ ಮಾತಾಡಿದ.

ಗುರುಗಳು ಕತೆ ಮುಗಿಸಿದರು.

ನೀಲಾಂಬಿಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, ಕತೆ ಚೆನ್ನಾಗಿದೆ, ಆದರೆ ತನ್ನ ಮನೆಯಲ್ಲಿ ಜಾಲರಿಯೂ ಇಲ್ಲ, ಸುಡುವಂಥದ್ದೂ ಇಲ್ಲ ಎಂದಳು. ಒಲೆ ಆರಿಸಿಯೇ ತಾನು ಜಪಕ್ಕೆ ಕೂರುವುದು. ಮಗ ಹೊಟ್ಟೆ ತುಂಬ ಉಂಡಿರುತ್ತಾನೆ, ಆಡಲು ಅಂಗಳವಿದೆ, ನೋಡಿಕೊಳ್ಳಲು ಅಜ್ಜಿ ಇದ್ದಾಳೆ.

“ಅವನಿಗೆ ಏನೂ ಆಗಿರುವುದಿಲ್ಲ, ಬುದ್ಧಿ. ಸುಮ್ಮಸುಮ್ಮನೆ ಬರುತ್ತಾನೆ.”

ಇರಬಹುದು ಎಂದು ಗುರುಗಳು ತಲೆಯಾಡಿಸಿದರು. ಮತ್ತೆ ಒಂದೇ ಒಂದು ಮಾತು ಕೇಳಿದರು.

“ಇವತ್ತು ನಾಲ್ಕು ಸಲ ಬಂದನಲ್ಲ ತಾಯಿ, ಏನು ಹೇಳಲು ಬಂದಿದ್ದ?”